ಮಕ್ಕಳಿಗೆ ಒಂಚೂರು ಅಲುಗುವ ನೆಲ ಬೇಕು

ಕಾರವಾರದ ಟಾಗೋರ್ ಕಡಲತೀರಕ್ಕೆ ಸಂಜೆ ಐದರ ಮೇಲೆ ಹೋದರೆ, ತೆರೆ ಬಂದು ವಾಪಸು ಸರಿಯುವ ಜಾಗದಲ್ಲಿ ಮಕ್ಕಳ ಸಾಲೇ ನಿಂತಿರುತ್ತದೆ. ಪಾದ ಮುಳುಗುವಷ್ಟು ನೀರು. ತೆರೆ ಹಿಂದಕ್ಕೆ ಜಾರುವಾಗ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಹಿಮ್ಮಡಿಯ ಕೆಳಗಿನ ಮರಳು ಕೊಚ್ಚಿ ಹೋಗುತ್ತದೆ, ಕಣ್ಣೆದುರಿನ ನೀರೆಲ್ಲ ಒಂದೇ ದಿಕ್ಕಿಗೆ ಓಡುತ್ತದೆ. ನಿಂತವರಿಗೆ ತಾವೇ ಜಾರುತ್ತಿರುವ ಹಾಗೆ ಅನ್ನಿಸುತ್ತದೆ. ದೊಡ್ಡವರು ಸುಧಾರಿಸಿಕೊಂಡು ನಗುತ್ತಾರೆ. ಎರಡು ವರ್ಷದ ಮಗು ಕುಕ್ಕರಿಸಿ ಕೂತುಬಿಡುತ್ತದೆ. ಐದು ವರ್ಷದ್ದು ತೋಳು ಬಿಚ್ಚಿ ತೂಗಾಡಿ, ಒಂದು ಹೆಜ್ಜೆ ಆಚೀಚೆ ಇಟ್ಟು ನಿಲ್ಲುತ್ತದೆ. ಎಂಟರ ಹುಡುಗಿಗೆ ಏನೂ ಆಗುವುದಿಲ್ಲ, ಅವಳು ಪಕ್ಕದವಳ ಜೊತೆ ಮಾತಾಡುತ್ತ ನಿಂತಿರುತ್ತಾಳೆ.

ಇದನ್ನೇ ಕೋಣೆಯೊಳಗೆ ಮಾಡಿ ನೋಡಿದವರಿದ್ದಾರೆ. 1974ರಲ್ಲಿ ಲೀ ಮತ್ತು ಆರನ್ಸನ್ ಎಂಬ ಸಂಶೋಧಕರು ಗೋಡೆ ಮಾತ್ರ ಚಲಿಸುವ, ನೆಲ ಕದಲದ ಒಂದು ಕೋಣೆ ಕಟ್ಟಿ, ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ಅದರೊಳಗೆ ನಿಲ್ಲಿಸಿದರು. ಗೋಡೆಯನ್ನು ಸ್ವಲ್ಪವೇ ಸರಿಸಿದ್ದು. ನೆಲ ಗಟ್ಟಿಯಾಗಿಯೇ ಇತ್ತು. ಆದರೂ ಮಕ್ಕಳು ತೂರಾಡಿದರು, ಕೆಲವರು ಬಿದ್ದೇಬಿಟ್ಟರು. ಪುಟ್ಟ ಮಕ್ಕಳು ಕಾಲಿಗಿಂತ ಕಣ್ಣನ್ನು ಹೆಚ್ಚು ನಂಬುತ್ತಾರೆ ಎಂದು ಅಲ್ಲಿಂದ ಗೊತ್ತಾಯಿತು. ಕಾಲು ‘ನೆಲ ಇಲ್ಲೇ ಇದೆ’ ಎಂದರೂ ಕಣ್ಣು ‘ನಾವು ವಾಲಿದೆವು’ ಅಂದರೆ ಮೈ ಕಣ್ಣಿನ ಮಾತು ಕೇಳುತ್ತದೆ. ಸುಮಾರು ಏಳು ವರ್ಷದ ಹೊತ್ತಿಗೆ ಕಣ್ಣು, ಸಮತೋಲ ಅರಿಯುವ ಒಳಗಿವಿ, ಕಾಲು ಮೂರನ್ನೂ ತೂಗಿ ನೋಡುವ ಶಕ್ತಿ ದೊಡ್ಡವರ ಹತ್ತಿರಕ್ಕೆ ಬರುತ್ತದೆ. ಅಲ್ಲಿಯವರೆಗೆ ಮಗುವಿಗೆ ಬೇಕಾದದ್ದು, ಆ ಮೂರೂ ಒಂದಕ್ಕೊಂದು ಜಗಳವಾಡುವ ಸಣ್ಣ ಸಣ್ಣ ಸಂದರ್ಭಗಳು. ಕಡಲತೀರ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ.

ನಾನು ಅಂಕೋಲಾ–ಕುಮಟಾ ನಡುವಿನ ಒಂದು ಊರಿನಲ್ಲಿ ನಲಿ-ಕಲಿ ತರಗತಿ ತೆಗೆದುಕೊಳ್ಳುವವಳು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುತ್ತಾರೆ. ತವರು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಘಟ್ಟದ ಮೇಲಿನ ಮಕ್ಕಳನ್ನೂ ಕೆಳಗಿನ ಮಕ್ಕಳನ್ನೂ ನೋಡುತ್ತ ಬಂದ ಮೇಲೆ ಒಂದು ಮಾತನ್ನು ತಾಯಂದಿರ ಸಭೆಯಲ್ಲಿ ಪ್ರತಿ ಸಲ ಹೇಳುತ್ತೇನೆ, ಇಲ್ಲೂ ಅದನ್ನೇ ಹೇಳುವುದು. ಮಗು ಆಯ ತಪ್ಪುವುದಕ್ಕೂ ತಾನೇ ಸರಿಪಡಿಸಿಕೊಳ್ಳುವುದಕ್ಕೂ ನಡುವೆ ಅರ್ಧ ಕ್ಷಣದ ಬಿಡುವು ಇದೆ. ಕಲಿಕೆ ಆಗುವುದು ಆ ಬಿಡುವಿನಲ್ಲಿ. ಅಲ್ಲಿ ನಾವು ಕೈ ಹಾಕಬಾರದು.

ಮೈಯೊಳಗೆ ನಡೆಯುವುದು ಏನೆಂದು ಸ್ವಲ್ಪ ತಿಳಿದುಕೊಂಡರೆ ಆಟಗಳ ಬೆಲೆ ಗೊತ್ತಾಗುತ್ತದೆ. ಒಳಗಿವಿಯಲ್ಲಿ ಮೂರು ಅರೆವೃತ್ತದ ನಾಳಗಳಿವೆ, ಮೂರೂ ಬೇರೆ ಬೇರೆ ದಿಕ್ಕಿಗೆ ಬಾಗಿದವು. ತಲೆ ತಿರುಗಿಸಿದಾಗ ನಾಳದೊಳಗಿನ ದ್ರವ ಕೂಡಲೇ ಹಿಂಬಾಲಿಸದೆ ಒಂಚೂರು ಹಿಂದುಳಿಯುತ್ತದೆ. ಆ ಹಿಂದುಳಿಯುವಿಕೆಯನ್ನೇ ಅಲ್ಲಿನ ರೋಮಕೋಶಗಳು ಮೆದುಳಿಗೆ ಮುಟ್ಟಿಸುತ್ತವೆ. ಪಕ್ಕದಲ್ಲಿ ಎರಡು ಪುಟ್ಟ ಚೀಲಗಳು, ಅವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು. ಅಘನಾಶಿನಿ ಅಳಿವೆಯಲ್ಲಿ ಸಿಗುವ ಬಳಚು ಎಂಬ ಕಪ್ಪೆಚಿಪ್ಪು ಆಗಿರುವುದೂ ಅದೇ ವಸ್ತುವಿನಿಂದ. ತಲೆ ವಾಲಿದರೆ, ಮೈ ಮುಂದಕ್ಕೆ ನುಗ್ಗಿದರೆ, ಮೇಲಿಂದ ಕೆಳಗೆ ಇಳಿದರೆ ಆ ಹರಳುಗಳ ಭಾರ ಸರಿದು ಸುದ್ದಿ ಹೋಗುತ್ತದೆ. ಇನ್ನು ಸ್ನಾಯು, ಕೀಲು, ಅಂಗಾಲಿನ ಚರ್ಮ. ಕಣ್ಣು ಮುಚ್ಚಿದರೂ ನನ್ನ ಮೊಣಕಾಲು ಎಷ್ಟು ಬಾಗಿದೆ ಎಂದು ನನಗೆ ತಿಳಿಯುವುದು ಇವುಗಳಿಂದ. ಎಲ್ಲವನ್ನೂ ಕೂಡಿಸಿ ತಿದ್ದುವ ಕೆಲಸದಲ್ಲಿ ತಲೆಯ ಹಿಂಬದಿಯ ಕಿರುಮೆದುಳಿಗೆ ದೊಡ್ಡ ಪಾಲು. ಗಾತ್ರದಲ್ಲಿ ಅದು ಇಡೀ ಮೆದುಳಿನ ಶೇ. 10ರಷ್ಟು, ಆದರೆ ಮೆದುಳಿನ ನರಕೋಶಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಅದರೊಳಗೇ ಇವೆ. ತಪ್ಪಿದ್ದನ್ನು ಗುರುತಿಸಿ ಮುಂದಿನ ಸಲ ತಿದ್ದಿಕೊಳ್ಳುವುದು ಅದರ ಮುಖ್ಯ ಕೆಲಸ. ತಪ್ಪಲು ಅವಕಾಶವೇ ಇಲ್ಲದಿದ್ದರೆ ಅದಕ್ಕೆ ತಿದ್ದಲು ಏನೂ ಸಿಗುವುದಿಲ್ಲ.

ಆಗಷ್ಟೇ ನಡೆಯತೊಡಗಿದ ಮಕ್ಕಳನ್ನು ಆಡುವಾಗ ಗಮನಿಸಿ ಎಣಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳುವಿಕೆ. ಈ ಲೆಕ್ಕವನ್ನು ಸಭೆಯಲ್ಲಿ ಹೇಳಿದಾಗ ಅಜ್ಜಿಯಂದಿರು ಮಾತ್ರ ಆಶ್ಚರ್ಯಪಡಲಿಲ್ಲ. ನನ್ನ ಅತ್ತೆ ಮೊಮ್ಮಗಳ ಹಿಂದೆ ಕೈ ಚಾಚಿಕೊಂಡು ಓಡುವ ಸೊಸೆಯಂದಿರಿಗೆ ಹೇಳುತ್ತಿದ್ದದ್ದು ಒಂದೇ: “ಬಿದ್ರೆ ಎದ್ಕತ್ತು, ಕೈ ಬಿಡೆ ತಂಗಿ.”

ಈಗ ಬೀಳಲು ಜಾಗವೇ ಕಡಿಮೆಯಾಗಿದೆ. ಅಂಗಳಕ್ಕೆ ಇಂಟರ್‌ಲಾಕ್ ಬಂತು, ಜಗಲಿಗೆ ಟೈಲ್ಸ್ ಬಂತು, ಗದ್ದೆಯ ಅಂಚಿನ ಮೇಲೆ ನಡೆದು ಶಾಲೆಗೆ ಬರುತ್ತಿದ್ದ ಮಕ್ಕಳಿಗೆ ಮನೆ ಬಾಗಿಲಿಗೇ ವ್ಯಾನು ಬಂತು. ಹೆದ್ದಾರಿ ಅಗಲವಾದ ಮೇಲೆ ಆಚೆ ಬದಿಯ ಮಕ್ಕಳು ಈಚೆ ಬದಿಗೆ ಆಡಲು ಬರುವುದು ನಿಂತಿತು. ಇದರಲ್ಲಿ ಯಾವುದೂ ಬೇಡವಾಗಿತ್ತು ಎಂದು ನಾನು ಹೇಳಲಾರೆ. ವ್ಯಾನು ಬಂದದ್ದರಿಂದಲೇ ಎಷ್ಟೋ ಹೆಣ್ಣುಮಕ್ಕಳ ಓದು ಮುಂದುವರಿದಿದೆ. ಆದರೆ ಮೊದಲು ದಾರಿಯೇ ಕಲಿಸುತ್ತಿದ್ದದ್ದನ್ನು ಈಗ ನಾವು ನೆನಪಿಟ್ಟು ಕಲಿಸಬೇಕಾಗಿದೆ. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಉಸಿರು ಜೋರಾಗುವಂತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಐದು ದಾಟಿದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ಬಿರುಸಿನ ಮಟ್ಟದ ಚಟುವಟಿಕೆ. ನಮ್ಮಲ್ಲಿ ಒಂದನೇ ತರಗತಿಗೆ ಬರುವ ಮಗುವಿನ ದಿನವನ್ನು ತಾಯಿಯ ಜೊತೆ ಕೂತು ಲೆಕ್ಕ ಹಾಕಿದರೆ ಅಷ್ಟು ಕೂಡಿಸುವುದು ಕಷ್ಟವಾಗುತ್ತದೆ.

ಇನ್ನು ಸಂಕದ ವಿಷಯಕ್ಕೆ ಬರುತ್ತೇನೆ. ನನಗೆ ಬಹಳ ಹೇಳಬೇಕಾದದ್ದು ಇರುವುದು ಅದರ ಬಗ್ಗೆಯೇ.

ಶಿರಸಿ, ಸಿದ್ದಾಪುರ, ಹೊನ್ನಾವರದ ಮೇಲ್ಭಾಗದಲ್ಲಿ ಹಳ್ಳ ದಾಟಲು ಎರಡು-ಮೂರು ಅಡಿಕೆ ಮರ ಕೂಡಿಸಿ ಕಟ್ಟಿದ ಕಾಲುಸಂಕ ಇಂದಿಗೂ ಇವೆ. ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು ಭೋರ್ಗರೆಯುವಾಗ ಅದರ ಮೇಲೆ ಚೀಲ ಹೊತ್ತು ಮಕ್ಕಳು ಶಾಲೆಗೆ ಹೋಗುವುದು ಅಪಾಯ. ಆ ಜಾಗಗಳಲ್ಲಿ ಗಟ್ಟಿ ಸೇತುವೆ ಬೇಕು ಎನ್ನುವ ಊರವರ ಬೇಡಿಕೆ ನೂರಕ್ಕೆ ನೂರು ನ್ಯಾಯದ್ದು. ನಾನು ಹೊಗಳುತ್ತಿರುವುದು ಅಪಾಯವನ್ನಲ್ಲ. ಸಂಕ ಕಾಲಿಗೆ ಕಲಿಸುವ ಪಾಠ ಇದೆಯಲ್ಲ, ಅದನ್ನು ಅಂಗಳಕ್ಕೆ ಇಳಿಸಿಕೊಳ್ಳಬಹುದು ಎನ್ನುತ್ತಿದ್ದೇನೆ.

ನಮ್ಮ ಶಾಲೆಯ ಹಿತ್ತಲಲ್ಲಿ ಅಡಿಕೆ ದಬ್ಬೆಗಳನ್ನು, ಅಂದರೆ ಉದ್ದಕ್ಕೆ ಸೀಳಿದ ಅಡಿಕೆ ಮರದ ಪಟ್ಟಿಗಳನ್ನು, ನೆಲದ ಮೇಲೆ ಹಾಸಿದ್ದೇವೆ. ಹೊರಮೈ ಮೇಲೆ ಬರಬೇಕು, ಅಂಚಿನ ಸಿಬಿರನ್ನು ಕತ್ತಿಯಿಂದ ಸವರಿ ತೆಗೆಯಬೇಕು, ಎರಡೂ ತುದಿಗೆ ಗೂಟ ಹೊಡೆದು ಉರುಳದಂತೆ ಮಾಡಬೇಕು. ಮೊದಲು ಎರಡು ದಬ್ಬೆ ಅಕ್ಕಪಕ್ಕ. ಅದರ ಮೇಲೆ ಮಗು ಮಾತಾಡುತ್ತ ನಡೆಯುವಷ್ಟು ಸಲೀಸಾದ ಮೇಲೆ ಒಂದೇ ದಬ್ಬೆ. ಅದೂ ಸಲೀಸಾದರೆ ತುದಿಗಳ ಕೆಳಗೆ ಒಂದೊಂದು ಚೀರೆಕಲ್ಲಿನ (ಕೆಂಪು ಜಂಬಿಟ್ಟಿಗೆಯ) ತುಂಡು. ಅಷ್ಟೇ ಎತ್ತರ ಸಾಕು, ಕೆಳಗೆ ಮರಳು ಹರಡಿದರೆ ಇನ್ನೂ ಒಳ್ಳೆಯದು. ದಬ್ಬೆಯ ನಡುಭಾಗ ತುಸು ಬಳುಕುತ್ತದೆ. ಆ ಬಳುಕೇ ನಮಗೆ ಬೇಕಾದದ್ದು. ಅಂಗಡಿಯಲ್ಲಿ ಸಿಗುವ, ಒಂದು ಕೂದಲೆಳೆಯೂ ಅಲುಗದ ಮರದ ಪಟ್ಟಿಗಿಂತ ಇದು ಮೇಲು ಎಂದು ನಾನು ಹೇಳುವುದು ಆ ಕಾರಣಕ್ಕೆ.

ಬರಿಗಾಲಲ್ಲೇ ಹತ್ತಿಸಿ. ಅಂಗಾಲಿನ ಚರ್ಮಕ್ಕೆ ದಬ್ಬೆಯ ಗೀರು, ತೇವ, ಇಳಿಜಾರು ಗೊತ್ತಾಗಬೇಕು, ಬೆರಳುಗಳು ಹಿಡಿಯಲು ಕಲಿಯಬೇಕು. ಕಣ್ಣು ಎಲ್ಲಿರಬೇಕು ಎನ್ನುವುದು ಎರಡನೆಯದು. ಕಾಲನ್ನೇ ನೋಡುತ್ತ ನಡೆಯುವ ಮಗುವಿನ ತಲೆ ಬಾಗುತ್ತದೆ, ಬೆನ್ನು ಬಾಗುತ್ತದೆ, ಸೊಂಟ ಹಿಂದೆ ಹೋಗುತ್ತದೆ. ಆಚೆ ತುದಿಯಲ್ಲಿ ಗೆಳತಿಯನ್ನು ನಿಲ್ಲಿಸಿ, ಅವಳು ಎಷ್ಟು ಬೆರಳು ತೋರಿಸುತ್ತಾಳೆ ಹೇಳು ಅನ್ನಿ. ತಲೆ ತಾನಾಗಿ ಏಳುತ್ತದೆ. ‘ನೆಟ್ಟಗೆ ನಡಿ’ ಎಂದು ಹತ್ತು ಸಲ ಕೂಗಿದರೂ ಆಗದ್ದು ಇದರಿಂದ ಆಗುವುದನ್ನು ನೋಡಿದ್ದೇನೆ.

ಒಂದನೇ ತರಗತಿಯ ಒಬ್ಬಳು ಮೊದಲ ವಾರವೆಲ್ಲ ನನ್ನ ಸೆರಗು ಹಿಡಿದೇ ದಾಟಿದಳು. ಆಮೇಲೆ ಒಂದು ದಿನ ನಡುವಿಗೆ ಬಂದವಳು ಸೆರಗು ಬಿಟ್ಟು, “ಹಿಡ್ಕಬೇಡಿ ಅಕ್ಕೋರೆ, ನಾ ಬೀಳೂದಿಲ್ಲ” ಅಂದಳು. ಅಂದ ಮರುಗಳಿಗೆಗೆ ಪಕ್ಕಕ್ಕೆ ಇಳಿದಳು, ಮತ್ತೆ ಹತ್ತಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟದಿದ್ದದ್ದು ಒಳ್ಳೆಯದೇ ಆಯಿತು, ಅವಳ ಗಮನ ನಮ್ಮ ಮೇಲೆ ಬರದೆ ಕಾಲ ಮೇಲೇ ಉಳಿಯಿತು.

ಸಂಕ ಸಲೀಸಾದ ಮೇಲೆ ಬಗೆಬಗೆಯಾಗಿ ಕಷ್ಟ ಕೊಡಬಹುದು. ಅಂಗೈ ಮೇಲೆ ತೆಂಗಿನ ಗರಟೆಯಲ್ಲಿ ನೀರು. ಅಡ್ಡಡ್ಡ ನಡಿಗೆ. ಹಿಂದು ಹಿಂದಕ್ಕೆ ನಡಿಗೆ. ನಡುವೆ ಕೂತು ಬಿದ್ದ ಹೂವನ್ನು ಹೆಕ್ಕಿ ಏಳುವುದು. ಎದುರಿನಿಂದ ಬಂದವರಿಗೆ ದಾರಿ ಬಿಡುವುದು — ಇದು ಮಕ್ಕಳೇ ಹುಟ್ಟುಹಾಕಿದ್ದು, ಒಬ್ಬರ ತೋಳು ಒಬ್ಬರು ಹಿಡಿದು ಸುತ್ತಿ ಜಾಗ ಬದಲಿಸುತ್ತಾರೆ. ಎರಡು ಮೈಗಳು ಒಂದೇ ತೂಕವನ್ನು ಹಂಚಿಕೊಳ್ಳುವ ಕೆಲಸ ಅದು, ನನಗೆ ಹೊಳೆದಿರಲಿಲ್ಲ. ಕಡೆಗೆ, ನೆಲದ ಮೇಲಿನ ದಬ್ಬೆಯಲ್ಲಿ ಮಾತ್ರ, ಕಣ್ಣು ಮುಚ್ಚಿ ನಿಲ್ಲುವುದು. ಕಣ್ಣಿಗೆ ರಜೆ ಕೊಟ್ಟ ಕೂಡಲೇ ಕಿವಿ, ಕಾಲುಗಳು ತಾವೇ ಹೊಣೆ ಹೊರುತ್ತವೆ.

ಕುಂಟಾಬಿಲ್ಲೆಯನ್ನು ‘ಹುಡುಗಿಯರ ಆಟ’ ಎಂದು ಬದಿಗಿಡುವವರ ಮೇಲೆ ನನಗೆ ಸಿಟ್ಟಿದೆ. ಅದರಷ್ಟು ಅಚ್ಚುಕಟ್ಟಾದ ತರಬೇತಿ ನನಗೆ ಬೇರೆ ಗೊತ್ತಿಲ್ಲ. ಹಂಚಿನ ಚೂರನ್ನು ಎಣಿಸಿದ ಮನೆಗೇ ಬೀಳುವಂತೆ ಎಸೆಯಬೇಕು, ಹತ್ತಿರದ ಮನೆಗೆ ಬೇಕಾದ ಬಲವೇ ಬೇರೆ, ದೂರದ್ದಕ್ಕೇ ಬೇರೆ. ಒಂದೇ ಕಾಲಲ್ಲಿ ಕುಂಟಬೇಕು. ಬಿಲ್ಲೆ ಇರುವ ಮನೆಯನ್ನು ಹಾರಿ ದಾಟಬೇಕು, ಗೆರೆ ಮೆಟ್ಟಬಾರದು. ಜೋಡಿ ಮನೆಯಲ್ಲಿ ಎರಡೂ ಕಾಲು ಒಟ್ಟಿಗೆ ಊರಬೇಕು, ಕೊನೆಯಲ್ಲಿ ನೆಗೆದು ಹಿಂದಕ್ಕೆ ತಿರುಗಬೇಕು. ವಾಪಸು ಬರುವಾಗ ಒಂಟಿ ಕಾಲಲ್ಲಿ ಬಗ್ಗಿ ಬಿಲ್ಲೆ ಎತ್ತಬೇಕು. ಆ ಬಗ್ಗುವಿಕೆಯಲ್ಲಿ ತಲೆ ಕೆಳಗಾಗುತ್ತದೆ, ಒಳಗಿವಿಯ ಹರಳು ಹೊಸ ಸುದ್ದಿ ಕಳಿಸುತ್ತದೆ, ಕಣ್ಣು ಬಿಲ್ಲೆಯ ಮೇಲೆ, ಕೈ ಅದರತ್ತ, ಇಡೀ ಮೈಯ ಭಾರ ಒಂದು ಪಾದದ ಮೇಲೆ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ.

ಮೂರು ವರ್ಷದ ಮಗು ಒಂಟಿ ಕಾಲಲ್ಲಿ ನಿಲ್ಲುವುದು ಒಂದೆರಡು ಕ್ಷಣ. ಐದರ ಹೊತ್ತಿಗೆ ಬಹಳಷ್ಟು ಮಕ್ಕಳು ಹತ್ತು ಸೆಕೆಂಡಿನ ಆಸುಪಾಸು ನಿಲ್ಲುತ್ತಾರೆ, ಕುಂಟಿಕೊಂಡು ಮುಂದೆ ಹೋಗುತ್ತಾರೆ. ಹಾಗಾಗಿ ಅಂಗನವಾಡಿ ಮಕ್ಕಳಿಗೆ ಕುಂಟುವ ನಿಯಮವೇ ಬೇಡ, ಎರಡೂ ಕಾಲಲ್ಲಿ ಮನೆಯಿಂದ ಮನೆಗೆ ಹಾರಲಿ. ದೊಡ್ಡವರಿಗೆ ಒಂದು ನಿಯಮ ಸೇರಿಸಿದ್ದೇನೆ: ಒಂದು ಸುತ್ತು ಬಲಗಾಲು, ಮುಂದಿನ ಸುತ್ತು ಎಡಗಾಲು. ಎಡಗಾಲಿನ ಸುತ್ತಿನಲ್ಲಿ ಚುರುಕಿನ ಮಕ್ಕಳೂ ನಿಧಾನವಾಗುತ್ತಾರೆ, ಹಿಂದೆ ಬೀಳುತ್ತಿದ್ದವರಿಗೆ ಸರಿಸಮ ನಿಲ್ಲುವ ಅವಕಾಶ ಸಿಗುತ್ತದೆ.

ಗಿರಗಿರ ಸುತ್ತುವ ಆಟವನ್ನು ಅಮ್ಮಂದಿರು ಬೇಡವೆನ್ನುತ್ತಾರೆ, ತಲೆ ತಿರುಗಿ ಬೀಳುತ್ತಾರೆ ಎಂದು. ಮಕ್ಕಳು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಕೊಡಪಾನದಲ್ಲಿ ನೀರು ತುಂಬಿ ಗಿರ್ರನೆ ತಿರುಗಿಸಿ ಥಟ್ಟನೆ ಹಿಡಿದರೆ ಒಳಗಿನ ನೀರು ಸುತ್ತುತ್ತಲೇ ಇರುತ್ತದಲ್ಲ, ಒಳಗಿವಿಯ ನಾಳದಲ್ಲಿ ಆಗುವುದೂ ಅದೇ. ಮೈ ನಿಂತಿದೆ, ದ್ರವ ನಿಂತಿಲ್ಲ, ಆದ್ದರಿಂದ ಜಗತ್ತು ತಿರುಗುತ್ತದೆ. ಈ ಗೊಂದಲದಿಂದ ಮರಳಿ ನೆಟ್ಟಗಾಗುವುದನ್ನು ಮೆದುಳು ಅಭ್ಯಾಸದಿಂದ ಕಲಿಯುತ್ತದೆ. ಹಾಗಾಗಿ ಐದಾರು ಸುತ್ತು ಬಲಕ್ಕೆ, ನಿಂತು ಎದುರಿನ ಮರವನ್ನು ನೋಡುವುದು, ಜಗತ್ತು ನಿಂತ ಮೇಲೆ ಐದಾರು ಸುತ್ತು ಎಡಕ್ಕೆ. ವಾಕರಿಕೆ ಬರುವ, ಮುಖ ಬಿಳಿಚುವ ಮಗುವಿಗೆ ಒತ್ತಾಯ ಬೇಡ. ಬೇರೆಯವರು ಅದನ್ನು ಹಿಡಿದು ಸುತ್ತಿಸುವುದಂತೂ ಬೇಡವೇ ಬೇಡ, ನಿಲ್ಲಿಸುವ ಅಧಿಕಾರ ಮಗುವಿನ ಕೈಯಲ್ಲೇ ಇರಬೇಕು. ಕಾರವಾರದ ಕಡೆ ಕೊಂಕಣಿ ಮನೆಗಳಲ್ಲಿ ಚೌತಿಯ ಹೊತ್ತಿಗೆ ಹೆಂಗಸರು ಆಡುವ ಫುಗಡಿಯಲ್ಲಿ ಇಬ್ಬರು ಕೈಗೆ ಕೈ ಹೆಣೆದು, ಪಾದ ಒತ್ತಿಟ್ಟು, ಹಿಂದಕ್ಕೆ ವಾಲಿ ಸುತ್ತುತ್ತಾರೆ. ಒಬ್ಬಳ ಭಾರವನ್ನು ಇನ್ನೊಬ್ಬಳ ಭಾರ ಹಿಡಿದಿರುತ್ತದೆ. ಪುಟ್ಟ ಹುಡುಗಿಯರು ಬದಿಯಲ್ಲಿ ನಿಂತು ನೋಡಿ ಮಾರನೇ ದಿನ ಶಾಲೆಯ ಅಂಗಳದಲ್ಲಿ ಶುರು ಮಾಡುತ್ತಾರೆ. ಅದನ್ನು ನಾನು ತಡೆಯುವುದಿಲ್ಲ. ಅಂಗಳದ ಕಲ್ಲು ಹೆಕ್ಕಿಸುತ್ತೇನೆ.

ಕೈಕಾಲುಗಳ ಹೊಂದಾಣಿಕೆಗೆ ನಮ್ಮ ಜಿಲ್ಲೆಯಲ್ಲಿ ಯಕ್ಷಗಾನಕ್ಕಿಂತ ದೊಡ್ಡ ಶಾಲೆ ಇಲ್ಲ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯವರ ಮಂಡಳಿ 1934ರಿಂದ ಬಂದ ಪರಂಪರೆ, ಅವರ ಕಲಾಕೇಂದ್ರದಲ್ಲಿ ಹೆಜ್ಜೆ ಕಲಿಯುವವರಿದ್ದಾರೆ. ಊರೂರಲ್ಲಿ ರಜೆಯ ತರಗತಿಗಳೂ ನಡೆಯುತ್ತವೆ. ಬಾಯಲ್ಲಿ ತಾಳ, ಕೈಯಲ್ಲಿ ಪೆಟ್ಟು, ಕಾಲಲ್ಲಿ ಹೆಜ್ಜೆ — ಮೂರೂ ಕೂಡಬೇಕು. ಏಕತಾಳದಲ್ಲಿ ಕೂಡಿದ್ದು ಝಂಪೆ ತಾಳದಲ್ಲಿ ಮತ್ತೆ ಬಿಚ್ಚಿಹೋಗುತ್ತದೆ, ಮತ್ತೆ ಕೂಡಿಸಬೇಕು. ಮಂಡಿಯೂರಿ ರಂಗಸ್ಥಳದ ಸುತ್ತ ತಿರುಗುವ ಮಂಡಿ ಕುಣಿತ ಬೆಳೆದ ಕಲಾವಿದರ ಮಾತು, ಮಕ್ಕಳ ಮೊಣಕಾಲಿಗೆ ಅದು ಬೇಡ. ಆದರೆ ತಾಳಕ್ಕೆ ಹೆಜ್ಜೆ ಹಾಕಿಸುವುದಕ್ಕೆ ಭಾಗವತರೇ ಬೇಕೆಂದಿಲ್ಲ. ಡೆಸ್ಕಿನ ಮೇಲೆ ಬಾರಿಸಿದರೂ ಸಾಕು. ನಡೆಯುತ್ತ ತಟ್ಟು, ನಿಂತು ತಟ್ಟು, ಎಡ ಹೆಜ್ಜೆಗೆ ಮಾತ್ರ ತಟ್ಟು. ನಮ್ಮ ಮಕ್ಕಳಲ್ಲಿ ಹಾಲಕ್ಕಿ ಸಮುದಾಯದ ಮನೆಯವರಿಗೆ ಇದು ಬೇಗ ಒಲಿಯುತ್ತದೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಅಪ್ಪ, ಚಿಕ್ಕಪ್ಪಂದಿರು ತಲೆಯ ಮೇಲೆ ತುರಾಯಿ ಹೊತ್ತು ಸುಗ್ಗಿ ಕುಣಿಯುವುದನ್ನು ನೋಡುತ್ತ ಬೆಳೆದವರು ಅವರು.

ಚೆಂಡು ಹಿಡಿಯುವುದು ಬೇರೆಯೇ ವಿದ್ಯೆ. ಬರುತ್ತಿರುವ ವಸ್ತು ಮುಂದಿನ ಕ್ಷಣ ಎಲ್ಲಿರುತ್ತದೆ ಎಂದು ಮೈ ಮೊದಲೇ ಊಹಿಸಬೇಕು. ತವರಿನಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ಮರದ ತುದಿಯಿಂದ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವಾಗ ಕೆಳಗೆ ಮಿಣಿ ಹಗ್ಗ ಹಿಡಿದವನ ಕಣ್ಣನ್ನು ನೋಡಬೇಕಿತ್ತು. ಜಾರಿ ಬರುವ ಕೊನೆ ನೆಲಕ್ಕೆ ಬಡಿಯದಂತೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅವನ ತೋಳಿಗೆ ಗೊತ್ತಿತ್ತು. ಈಗ ಕಾರ್ಬನ್ ಫೈಬರಿನ ದೋಟಿ ಬಂದು ನೆಲದಲ್ಲೇ ನಿಂತು ಕೊಯ್ಯುವ ತೋಟಗಳೂ ಇವೆ, ಮರ ಏರಿ ಬೀಳುವ ಭಯ ತಪ್ಪಿದ್ದು ದೊಡ್ಡ ಸಮಾಧಾನ. ಪುಟ್ಟ ಮಕ್ಕಳಿಗೆ ಗಟ್ಟಿ ಚೆಂಡು ಎಸೆದು ‘ಹಿಡಿ’ ಎಂದರೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾರೆ. ಬಲೂನಿನಿಂದ ಶುರು ಮಾಡಿ. ಅದು ನಿಧಾನ ಇಳಿಯುತ್ತದೆ, ಕಣ್ಣಿಗೆ ಹಿಂಬಾಲಿಸಲು ಸಮಯ ಸಿಗುತ್ತದೆ. ಆಮೇಲೆ ಹಳೇ ಸೀರೆಯ ಬಟ್ಟೆ ಚೆಂಡು, ಆಮೇಲೆ ನೆಲಕ್ಕೆ ಪುಟಿಸಿ ಕೊಡುವ ರಬ್ಬರ್ ಚೆಂಡು. ಲಗೋರಿ ಈ ಎಲ್ಲದರ ಮೇಲಿನ ಮೆಟ್ಟಿಲು: ಗುರಿ, ಓಟ, ತಪ್ಪಿಸಿಕೊಳ್ಳುವಿಕೆ, ಅವಸರದಲ್ಲೂ ನಡುಗದ ಕೈಯಿಂದ ಕಲ್ಲು ಪೇರಿಸುವುದು.

ವಾರ್ಷಿಕ ಕ್ರೀಡೆಯ ದಿನ ಕೊನೆಯಲ್ಲಿ, ಬಿಸಿಲು ಏರಿದ ಮೇಲೆ, ನಗಿಸಲಿಕ್ಕೆ ಎಂದು ಮೂರು ಸ್ಪರ್ಧೆ ಇಡುತ್ತಾರೆ: ನಿಂಬೆಹಣ್ಣು-ಚಮಚ, ಗೋಣಿಚೀಲ, ಮೂರು ಕಾಲಿನ ಓಟ. ಚಿಕ್ಕ ಮಕ್ಕಳ ಮಟ್ಟಿಗೆ ಆ ದಿನದಲ್ಲಿ ನಿಜವಾಗಿ ಬೆಲೆಬಾಳುವವು ಅವೇ. ನೂರು ಮೀಟರ್ ಓಟ ಆಗಲೇ ಓಡಬಲ್ಲವರನ್ನು ಆರಿಸುತ್ತದೆ. ನಿಂಬೆಹಣ್ಣು ಓಡಲಾರದವರಿಗೂ ಕಲಿಸುತ್ತದೆ, ಬಾಯಲ್ಲಿ ಚಮಚ ಕಚ್ಚಿ ತಲೆಯನ್ನು ಅಲುಗದಂತೆ ಹಿಡಿದು ಕಾಲನ್ನು ಮಾತ್ರ ನಡೆಸುವುದು ಸಣ್ಣ ಕೆಲಸವಲ್ಲ. ಮೂರು ಕಾಲಿನ ಓಟದಲ್ಲಿ ಇನ್ನೊಬ್ಬರ ಲಯಕ್ಕೆ ತನ್ನ ಲಯ ಕೂಡಿಸಬೇಕು. ಇವನ್ನು ವರ್ಷಕ್ಕೊಮ್ಮೆ ಇಟ್ಟು ಏನು ಪ್ರಯೋಜನ? ವಾರಕ್ಕೊಂದು ಇಟ್ಟರೆ ಶನಿವಾರದ ಬೆಳಗು ಸಾಕು. ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡಿ ಎಂದು ಕೇಳುವ ಪಾಲಕರಿಗೆ ನಾನು ಕೊಡುವುದಿಲ್ಲ ಎಂದೇ ಹೇಳುತ್ತೇನೆ. ಬೆನ್ನು, ಭುಜ ನಿಲ್ಲದ ಮಗು ಬೆಂಚಿನ ಮೇಲೆ ಕೂರುವುದಕ್ಕೇ ತನ್ನ ಶಕ್ತಿಯೆಲ್ಲ ಖರ್ಚು ಮಾಡುತ್ತದೆ, ಬರೆಯುವ ಕೈಗೆ ಉಳಿಯುವುದು ಕಡಿಮೆ.

ಮಳೆಗಾಲ ನಮಗೆ ನಾಲ್ಕು ತಿಂಗಳು. ಅಂಗಳ ಪಾಚಿಗಟ್ಟುತ್ತದೆ, ದಬ್ಬೆಯ ಮೇಲೆ ಕಾಲಿಡುವಂತಿಲ್ಲ, ಕಡಲಿಗಂತೂ ಮಕ್ಕಳನ್ನು ಇಳಿಸಲೇಬಾರದು. ಬೇರೆ ದಿನಗಳಲ್ಲೂ ಪಾದ ಮುಳುಗುವುದಕ್ಕಿಂತ ಹೆಚ್ಚು ನೀರು ಇರಬಾರದು, ಅಳಿವೆಯ ಬಾಯಲ್ಲಿ ನಿಲ್ಲಿಸಬಾರದು, ಒಬ್ಬರು ದೊಡ್ಡವರು ಮಕ್ಕಳಿಗೂ ಸಮುದ್ರಕ್ಕೂ ನಡುವೆ ನಿಂತಿರಬೇಕು. ಜೂನ್ ಬಂತೆಂದರೆ ನಾವು ಪಡಸಾಲೆಗೆ ಸರಿಯುತ್ತೇವೆ. ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇಬ್ಬರು ಎಳೆಯುವುದು ಎಲ್ಲರಿಗೂ ಇಷ್ಟ. ಕೂತವರು ತಿರುವಿನಲ್ಲಿ ವಾಲದೆ ಹಿಡಿತ ಇಟ್ಟುಕೊಳ್ಳಬೇಕು, ಎಳೆಯುವವರ ತೋಳು, ಸೊಂಟಕ್ಕೆ ಒಳ್ಳೆಯ ಕೆಲಸ. ಪ್ರಾಣಿಗಳ ನಡಿಗೆಯೂ ಮಳೆಗಾಲದ್ದೇ. ಕಪ್ಪೆ ಕುಪ್ಪಳಿಸುವುದು, ಕರಡಿಯಂತೆ ನಾಲ್ಕು ಕಾಲಲ್ಲಿ ಹೋಗುವುದು. ಏಡಿ ನಡಿಗೆ ಎಂದರೆ ಪುಸ್ತಕದಲ್ಲಿ ಅಂಗಾತವಾಗಿ ಕೈಕಾಲು ಊರಿ ಹಿಂದೆ ಹೋಗುವುದು. ಮೀನುಗಾರರ ಕೇರಿಯ ಹುಡುಗ ಒಪ್ಪಲೇ ಇಲ್ಲ: “ಏಡಿ ಅಡ್ಡ ಹೋಗೂದು ಅಕ್ಕೋರೆ.” ಅವನು ತೋರಿಸಿದ ಹಾಗೆ ಅಡ್ಡ ಹೋದರೆ ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ ದಾಟಬೇಕು, ನಡು ಇಳಿಯದಂತೆ ಹಿಡಿಯಬೇಕು. ಪುಸ್ತಕದ್ದಕ್ಕಿಂತ ಕಷ್ಟ, ಪುಸ್ತಕದ್ದಕ್ಕಿಂತ ಒಳ್ಳೆಯದು. ಈಗ ನಮ್ಮಲ್ಲಿ ನಡೆಯುವುದು ಅವನ ಏಡಿಯೇ.

ಗರಟೆ ಕಾಲನ್ನೂ ಮಳೆಗಾಲದಲ್ಲೇ ಮಾಡಿಕೊಳ್ಳುವುದು. ಎರಡು ದಪ್ಪ ಗರಟೆಗೆ ತೂತು ಕೊರೆದು, ಸೊಂಟದೆತ್ತರಕ್ಕೆ ಬರುವ ಹುರಿ ಪೋಣಿಸಿ ಒಳಗೆ ಗಂಟು ಹಾಕಿದರೆ ಮುಗಿಯಿತು. ಕಾಲಿನ ಹೆಬ್ಬೆರಳ ಸಂದಿಯಲ್ಲಿ ಹುರಿ, ಕೈಯಲ್ಲಿ ಅದರ ತುದಿ. ಬಲಗಾಲು ಎತ್ತುವಾಗ ಬಲಗೈ ಎಳೆಯಬೇಕು. ಸಾಮಾನ್ಯ ನಡಿಗೆಯಲ್ಲಿ ಬಲಗಾಲಿಗೆ ಎಡಗೈ ಜೊತೆಯಾಗುತ್ತದೆ, ಇಲ್ಲಿ ಅದು ತಿರುಗುಮುರುಗು. ಮೊದಲ ದಿನ ಮಕ್ಕಳು ನಿಂತಲ್ಲೇ ಗೊಂದಲಕ್ಕೆ ಬೀಳುವುದು ಅದಕ್ಕೇ. ಗೊಂದಲ ಬಿಡಿಸಿಕೊಂಡ ಮೇಲೆ ಪಡಸಾಲೆ ತುಂಬ ಟಕಟಕ ಸದ್ದು.

ಪ್ರತಿ ವರ್ಷ ಒಂದಿಬ್ಬರು ಮಕ್ಕಳು ಇದ್ದೇ ಇರುತ್ತಾರೆ. ಬುದ್ಧಿ ಚುರುಕು, ಕತೆ ಹೇಳಿದರೆ ಹಾಗೇ ಒಪ್ಪಿಸುತ್ತಾರೆ. ಆದರೆ ಅಂಗಿಯ ಗುಂಡಿ ಹಾಕಲು ಬಾರದು, ಸಾಲಿನಲ್ಲಿ ನಡೆದರೆ ಮುಂದಿನವರಿಗೆ ತಾಗುತ್ತಾರೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾರೆ. ಮನೆಯಲ್ಲಿ ‘ಹೊಂಗ’, ‘ಗಡಿಬಿಡಿ’ ಎಂದು ಹೆಸರು ಬಿದ್ದಿರುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ. 5ರಿಂದ 6ರಷ್ಟು ಮಂದಿಗೆ ಚಲನೆಯ ಹೊಂದಾಣಿಕೆಯೇ ಬೆಳವಣಿಗೆಯಲ್ಲಿ ಹಿಂದುಳಿದಿರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಅದು ಸೋಮಾರಿತನವಲ್ಲ, ಅಲಕ್ಷ್ಯವಲ್ಲ. ಆ ಮಗುವಿಗೆ ಬೇ‍ಕಾದದ್ದು ಹೆಚ್ಚು ಸರದಿ, ಕಡಿಮೆ ನೋಡುಗರು. ಅವರಿಗಾಗಿ ಊಟದ ಬಿಡುವಿನಲ್ಲಿ ದಬ್ಬೆಯ ಹತ್ತಿರ ನಾನೊಬ್ಬಳೇ ಇರುತ್ತೇನೆ. ಕಷ್ಟದ ಕೆಲಸವನ್ನು ತುಂಡು ಮಾಡಿ ಒಂದೊಂದನ್ನೇ ಕೊಡುತ್ತೇನೆ: ಮೊದಲು ಒಂದು ಕಾಲು ದಬ್ಬೆ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಉದ್ದಕ್ಕೂ ಹೋಗುವುದು.

ಕೆಲವಕ್ಕೆ ಆಟ ಸಾಲದು, ವೈದ್ಯರಿಗೆ ತೋರಿಸಬೇಕು. ಒಂದೇ ಬದಿಯ ಕೈಕಾಲು ಸೋಲುತ್ತಿದ್ದರೆ, ಮೊದಲು ಬರುತ್ತಿದ್ದದ್ದು ಈಗ ಬಾರದಾದರೆ, ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರಿ ಏರುವಂತಿದ್ದರೆ, ಕಿವಿ ಸೋರುವ ಮಗು ಪದೇ ಪದೇ ಬೀಳುತ್ತಿದ್ದರೆ, ಯಾವಾಗಲೂ ತುದಿಗಾಲಲ್ಲೇ ನಡೆಯುತ್ತಿದ್ದರೆ ತಡ ಮಾಡಬೇಡಿ. ಕಣ್ಣನ್ನೂ ಪರೀಕ್ಷೆ ಮಾಡಿಸಿ. ಕನ್ನಡಕ ಬಂದ ಮೇಲೆ ಚೆಂಡು ಹಿಡಿಯತೊಡಗಿದವರನ್ನು ಕಂಡಿದ್ದೇನೆ.

ಮನೆಯಲ್ಲಿ ಶುರು ಮಾಡುವವರಿಗೆ ಖರ್ಚಿನ ಮಾತು ಬಂದರೆ ಹೇಳಲು ಹೆಚ್ಚೇನಿಲ್ಲ. ದಬ್ಬೆ ತೋಟದವರು ಸುಮ್ಮನೆ ಕೊಡುತ್ತಾರೆ, ಗರಟೆ ಅಡುಗೆಮನೆಯಲ್ಲೇ ಇದೆ. ದಬ್ಬೆ ಒಂದು ಮಳೆಗಾಲಕ್ಕೆ ಒಳಗಿಂದ ಕೊಳೆತು ಕುಂಬಾಗುತ್ತದೆ, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ನವರಾತ್ರಿ ಕಳೆದ ಮೇಲೆ ಪ್ರತಿಯೊಂದನ್ನೂ ಮಗುಚಿ, ದೊಡ್ಡವರು ಒಬ್ಬರು ನಡುವೆ ಹತ್ತಿ ನಿಂತು ಪರೀಕ್ಷಿಸಿ. ಮುರುಕಲಾದದ್ದನ್ನು ಒಲೆಗೆ ಹಾಕಿ ಹೊಸದು ತನ್ನಿ. ಗೂಟ ಸಡಿಲಾಗಿದ್ದರೆ ಬಡಿದು ಬಿಗಿ ಮಾಡಿ, ಕೆಳಗಿನ ಮರಳನ್ನು ಕೆದಕಿ ಮೆತ್ತಗೆ ಮಾಡಿದ ಮೇಲೆಯೇ ಮಕ್ಕಳನ್ನು ಹತ್ತಿಸಿ.